ಅಂಕಿತವೂ ಬೇಕು, ಕೂಲಿಯೂ ಬೇಕು

ಚನ್ನಗಿರಿಯ ಅಡಿಕೆಗೆ ಧಾರಣೆ ಇದೆ. ರಾಶಿ ಅಡಿಕೆ ಕ್ವಿಂಟಲಿಗೆ ಗರಿಷ್ಠ ಎಷ್ಟು, ಕನಿಷ್ಠ ಎಷ್ಟು, ಸರಾಸರಿ ಎಷ್ಟು ಎಂದು ಪೇಪರಿನಲ್ಲಿ ಅಚ್ಚಾಗುತ್ತದೆ. ಸ್ವಲ್ಪ ಇಳಿದರೆ ಹೋಟೆಲುಗಳಲ್ಲಿ ಚರ್ಚೆ, ಜಾಸ್ತಿ ಇಳಿದರೆ ಮಂತ್ರಿಗಳಿಗೆ ಮನವಿ. ಬೆಳೆದವರ ಬೆವರಿಗೆ ಬೆಲೆ ಸಿಗಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಅದೇ ಅಡಿಕೆಯನ್ನು ರಾತ್ರಿಯೆಲ್ಲಾ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದ ಹೆಂಗಸರು, ನಿದ್ದೆ ತೂಗದಿರಲಿ ಎಂದು ಕಟ್ಟಿಕೊಂಡು ಹಾಡಿದ ಹಾಡಿದೆಯಲ್ಲ, ಅದರ ಧಾರಣೆ ಎಷ್ಟು? ಹೀಗೆ ಕೇಳಿದರೆ ನಮ್ಮ ಸಾಹಿತ್ಯದ ಯಜಮಾನರು ನಗುತ್ತಾರೆ. "ಹಾಡಿಗೆಲ್ಲ ಬೆಲೆ ಕಟ್ಟಲಿಕ್ಕೆ ಆಗ್ತದೇನಪ್ಪಾ, ಅದು ಅಮೂಲ್ಯ" ಎನ್ನುತ್ತಾರೆ. ಅಮೂಲ್ಯ! ಬೆಲೆ ಕಟ್ಟಲಾಗದ್ದು ಎಂಬ ಅರ್ಥದ ಈ ಮಾತನ್ನು ಇವರು ಬೆಲೆ ಕೊಡಬೇಕಿಲ್ಲದ್ದು ಎಂಬ ಅರ್ಥದಲ್ಲಿ ಬಳಸುತ್ತ ಬಂದಿದ್ದಾರೆ.

ಸಾಹಿತ್ಯ ಶಿಬಿರಗಳಿಗೆ ಹೋಗಿ ಬಂದ ಗೆಳೆಯರಿಗೆ ಒಂದು ಉಪದೇಶ ಬಾಯಿಪಾಠವಾಗಿದೆ: "ಮೊದಲು ನಿಮ್ಮ ಸ್ವಂತ ದನಿ ಕಂಡುಕೊಳ್ಳಿ." ಇದನ್ನು ಹೇಳುವವರು ತಿಂಗಳ ಮೊದಲಿಗೆ ಸಂಬಳ ಕಾಣುವವರು. ದನಿ ಸಿಗುವವರೆಗೆ ಈ ಹುಡುಗ ಏನು ತಿನ್ನಬೇಕು, ಅವನ ತಂಗಿಯ ಕಾಲೇಜು ಫೀಜು ಯಾರು ಕಟ್ಟಬೇಕು ಎಂಬುದು ಶಿಬಿರದ ವೇಳಾಪಟ್ಟಿಯಲ್ಲಿ ಇರುವುದಿಲ್ಲ. ಹೊಟ್ಟೆಪಾಡಿನ ಮಾತು ಎತ್ತಿದರೆ "ಅದು ಬೇರೆ ವಿಷಯ" ಎನ್ನುತ್ತಾರೆ. ಬೇರೆ ವಿಷಯ ಅಲ್ಲ ಎಂದು ಹೇಳಲಿಕ್ಕಾಗಿಯೇ ಈ ಬರಹ. ಕೇರಿಯಿಂದ ಬಂದ ಕಲಾವಿದನಿಗೆ ದನಿಯ ಪ್ರಶ್ನೆ, ಅನ್ನದ ಪ್ರಶ್ನೆ ಎರಡೂ ಒಂದೇ. ಯಾರ ಹಂಗಿನ ಅನ್ನ ತಿನ್ನುತ್ತೇವೋ ಅವರ ದನಿ ನಮ್ಮ ಗಂಟಲಿಗೆ ಬಂದು ಕೂರುತ್ತದೆ. ಇದಕ್ಕೆ ನಮ್ಮ ಅಜ್ಜ ಮುತ್ತಜ್ಜಂದಿರ ಹಲಗೆಯೇ ಸಾಕ್ಷಿ.

ಹಲಗೆ ಬಾರಿಸುವುದು ಕಲೆಯೇ ಅಲ್ಲ ಎಂದವರಿಗೆ ಕಿವಿ ಇಲ್ಲ. ಸಾವಿಗೆ ಒಂದು ಗತ್ತು, ಮದುವೆಗೆ ಒಂದು, ಮಾರಮ್ಮನ ಜಾತ್ರೆಗೆ ಒಂದು, ಊರಿಗೆ ಸುದ್ದಿ ಸಾರುವುದಕ್ಕೆ ಇನ್ನೊಂದು. ದೂರದ ಹೊಲದಲ್ಲಿ ಕಳೆ ಕೀಳುವವರು ಪೆಟ್ಟು ಕೇಳಿಯೇ ಊರಲ್ಲಿ ಏನಾಗಿದೆ ಎಂದು ತಿಳಿಯುತ್ತಿದ್ದರು. ಹುಲ್ಲಿನ ಬೆಂಕಿಗೆ ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ, ನಾದ ಬಂತೇ ಎಂದು ಕಿವಿಗೊಡುವ ಮುದುಕನ ಜಾಣ್ಮೆ ಯಾವ ವಿದ್ವಾಂಸನ ಶ್ರುತಿಜ್ಞಾನಕ್ಕೂ ಕಡಿಮೆಯದಲ್ಲ. ಆದರೆ ಅವನನ್ನು ಯಾರೂ "ಬಾರಿಸ್ತೀಯಾ?" ಎಂದು ಕೇಳಲಿಲ್ಲ. "ಬಾರಿಸಲೇ" ಎಂದರು. ಬರದಿದ್ದರೆ ದಂಡ, ದಂಡ ಕಟ್ಟದಿದ್ದರೆ ಬಹಿಷ್ಕಾರ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಒಂದು ಮೊರ ಕಾಳು, ಹಬ್ಬದಲ್ಲಿ ಉಳಿದ ಅನ್ನ. ಅದಕ್ಕೆ ಕೂಲಿ ಎನ್ನಲಿಲ್ಲ, ಆಯ ಎಂದರು. ಅವನ ಕೆಲಸಕ್ಕೆ ಕಲೆ ಎನ್ನಲಿಲ್ಲ, ಚಾಕರಿ ಎಂದರು. ದೇವರ ಮುಂದೆ ಹಲಗೆ ಹೋಗುತ್ತಿತ್ತು. ಹಲಗೆಯವನು ಗುಡಿಯ ಒಳಗೆ ಹೋಗುವಂತಿರಲಿಲ್ಲ.

1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ ಬಾಬಾಸಾಹೇಬರು ತಮ್ಮ ಜನಕ್ಕೆ ಹೇಳಿದ್ದು ಸತ್ತ ದನ ಹೊರುವುದನ್ನು ಬಿಡಿ, ಊರಿನ ಎಂಜಲಿಗೆ ಕೈಯೊಡ್ಡುವುದನ್ನು ಬಿಡಿ ಎಂದು. ಮರುವರ್ಷವೇ ಮಹಾರರ ವತನದ ಚಾಕರಿ ಬಿಡಿಸಲು ಮುಂಬೈ ಶಾಸನ ಸಭೆಗೆ ಮಸೂದೆ ತಂದರು. ನಮ್ಮ ಸೀಮೆಯಲ್ಲಿ, ಹರಿಹರದಲ್ಲಿ ಹುಟ್ಟಿ ಪಕ್ಕದ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಆ ಚಳವಳಿಯ ಗಾಳಿ ಬೀಸಿದ ಎಷ್ಟೋ ಕೇರಿಗಳಲ್ಲಿ ಹಲಗೆ ಗೂಟಕ್ಕೆ ಏರಿತು. ಬೇರೆ ಕಡೆ ಅದೇ ಹಲಗೆ ಹೋರಾಟದ ಮೆರವಣಿಗೆಯ ಮುಂದೆ ಬಂತು. ಇವತ್ತಿಗೂ ನಮ್ಮೊಳಗೆ ಈ ಜಗಳವಿದೆ. "ಅದು ಗುಲಾಮಗಿರಿ ಗುರುತು, ಸುಟ್ಟು ಹಾಕ್ರಿ" ಎನ್ನುವ ಹಿರಿಯರ ಸಿಟ್ಟು ನ್ಯಾಯವಾದದ್ದು. "ಅದು ನಮ್ಮ ವಾದ್ಯ, ಯಾಕೆ ಬಿಡಬೇಕಣ್ಣಾ?" ಎನ್ನುವ ಹುಡುಗರ ಮಾತೂ ಸುಳ್ಳಲ್ಲ. ಆದರೆ ಇಬ್ಬರೂ ಚರ್ಮವನ್ನಷ್ಟೇ ನೋಡುತ್ತಿದ್ದಾರೆ. ಅದೇ ಚರ್ಮ, ಅದೇ ಕೋಲು, ಅದೇ ಗತ್ತು. ಊರ ಯಜಮಾನರು ಕೂಗಿದಾಗ ಓಡಿಹೋಗಿ ಬಾರಿಸಿದರೆ ಜೀತ. ಇಷ್ಟು ಎಂದು ಮಾತಾಡಿ, ಮುಂಗಡ ಪಡೆದು, ಮನಸ್ಸಿಲ್ಲದಿದ್ದರೆ "ಒಲ್ಲೆ, ಹೋಗ್ರಿ" ಎಂದು ಮನೆಯಲ್ಲಿ ಕೂರುವ ಹಕ್ಕಿದ್ದರೆ ಕಲೆ.

ಸ್ವಂತ ದನಿ ಎಂಬುದರ ಅರ್ಥ ನನಗೆ ಇಷ್ಟೇ: ಒಲ್ಲೆ ಎನ್ನುವ ತಾಕತ್ತು. ಒಲ್ಲೆ ಎನ್ನಬೇಕಾದರೆ ನಾಳೆಗೆ ಮನೆಯಲ್ಲಿ ಅಕ್ಕಿ ಇರಬೇಕು. ಚಿಕ್ಕಬಳ್ಳಾಪುರದ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ತಮಿಳುನಾಡಿನ ವೇಲು ಆಸಾನ್ ಅವರ ಪರೈಗೆ 2025ರಲ್ಲಿ ಬಂತು. ಕೇಳಿ ಎದೆ ಉಬ್ಬಿತು. ಆದರೆ ಒಬ್ಬರ ಕೊರಳಿಗೆ ಬಿದ್ದ ಪದಕದಿಂದ ಉಳಿದವರ ಬಿಟ್ಟಿ ಮಾಫಿಯಾಗುವುದಿಲ್ಲ.

ದನಿ ಮತ್ತು ದುಡಿಮೆ ಒಂದೇ ಎಂಬ ಮಾತು ಹೊರದೇಶದಿಂದ ತಂದದ್ದಲ್ಲ. ಹೊನ್ನಾಳಿಯ ಪಕ್ಕ ಹರಿಯುವ ಈ ತುಂಗಭದ್ರೆಯಲ್ಲೇ, ಕೆಳಗಡೆ ದೋಣಿ ಹಾಕಿದನೆನ್ನುವ ಅಂಬಿಗರ ಚೌಡಯ್ಯನನ್ನು ನೋಡಿ. ಉಳಿದ ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ ಇವನು ತನ್ನ ಕಸುಬು ಮತ್ತು ತನ್ನ ಹೆಸರನ್ನೇ ಅಂಕಿತ ಮಾಡಿದ. ಮಾತಿನ ಪೆಟ್ಟೋ, ಥೇಟ್ ಹೊನ್ನಾಳಿ ಹೊಡೆತ. ಯಾರ ಹಂಗೂ ಇಲ್ಲದವನಿಗೆ ಮಾತ್ರ ಬರುವ ಪೆಟ್ಟು ಅದು. ಹುಟ್ಟು ಹಾಕಿ ತಿನ್ನುವವನಿಗೆ ಅರಮನೆಯ ಹಂಗೇನು? ಮಾದಾರ ಚೆನ್ನಯ್ಯನ ಅಂಕಿತದ ಮೊದಲಿಗೇ ಚರ್ಮದ ಕೆಲಸದ ಉಳಿ, ಕತ್ತಿಗಳು ಬಂದು ಕೂತಿವೆ. ಗಂಡ ದಿನದ ಲೆಕ್ಕಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ತಿರುಗಿ ಸುರಿದು ಬಾ ಎಂದಳಂತೆ ಆಯ್ದಕ್ಕಿ ಲಕ್ಕಮ್ಮ. ಈ ಕತೆಯನ್ನು ಮಠಗಳಲ್ಲಿ ನಿರಾಸೆಯ ಪಾಠವಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಬೇರೆ: ತನ್ನ ದುಡಿಮೆಯ ಅಳತೆ ಆಕೆಗೆ ಗೊತ್ತಿತ್ತು. ಹೆಚ್ಚಿಗೆಯನ್ನು ಬೇಡ ಎಂದವಳು ತನ್ನ ಪಾಲನ್ನು ಬೇಡ ಎನ್ನಲಿಲ್ಲ.

ಆ ಅಂಕಿತಕ್ಕೆ ನಾವು ವಾರಸುದಾರರು. ಆದರೆ ಈಗ ನಮ್ಮ ಹಾಡಿನ ಕೆಳಗೆ ಯಾರ ಹೆಸರಿದೆ? ಜಗಳೂರಿನ ಬಯಲಲ್ಲಿ, ಚನ್ನಗಿರಿಯ ತೋಟದ ಸಾಲಿನಲ್ಲಿ, ನ್ಯಾಮತಿಯ ಸೂರಗೊಂಡನಕೊಪ್ಪದ ಆಸುಪಾಸಿನ ತಾಂಡಾಗಳಲ್ಲಿ ಹಾಡಿಕೊಂಡು ಬಂದ ಹೆಂಗಸರ ಹತ್ತಿರ ಟೇಪು ರೆಕಾರ್ಡರ್ ಹಿಡಿದು ಬಂದವರು ಎಷ್ಟು ಜನ! ಪುಸ್ತಕದ ಮುಖಪುಟದಲ್ಲಿ "ಸಂಗ್ರಹ ಮತ್ತು ಸಂಪಾದನೆ" ಎಂದು ಡಾಕ್ಟರ್ ಪದವಿಯ ಹೆಸರು. ಹಾಡಿದವಳು ಕೊನೆಯ ಪುಟದ ಪಟ್ಟಿಯಲ್ಲಿ, ಸಣ್ಣ ಅಕ್ಷರದಲ್ಲಿ, ವಯಸ್ಸು ಮತ್ತು ಜಾತಿ ಸಮೇತ. ಅವರಿಗೆ ಬಡ್ತಿ, ಅವಳಿಗೆ ಒಂದು ಚಾ. ಈಗ ಟೇಪು ಹೋಗಿ ಮೊಬೈಲು ಬಂದಿದೆ. ಕೂಲಿಗೆ ಬಂದ ಅಜ್ಜಿಯ ಹಾಡನ್ನು ಯಾರೋ ರೀಲ್ಸ್ ಮಾಡುತ್ತಾರೆ, ಲಕ್ಷ ಜನ ನೋಡುತ್ತಾರೆ, ಕೆಳಗೆ "ಹಳ್ಳಿ ಸೊಗಡು" ಎಂದು ಬರೆದಿರುತ್ತದೆ. ಹಳ್ಳಿಗೆ ಬಾಯಿ ಇಲ್ಲ ಸ್ವಾಮಿ. ಹಾಡಿದ್ದು ಒಬ್ಬ ಹೆಂಗಸು, ಅವಳಿಗೊಂದು ಹೆಸರಿದೆ.

ಹೆಸರಿಟ್ಟು ಕರೆದರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿ ಸೀಮೆಯ ದರೋಜಿ ಈರಮ್ಮನವರಿದ್ದರು. ಅಲೆಮಾರಿ ಬುಡ್ಗ ಜಂಗಮರ ಹೆಣ್ಣುಮಗಳು, ಅಕ್ಷರ ಬಾರದವರು. ಬುರ್ರಕಥೆಯ ದೊಡ್ಡ ದೊಡ್ಡ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಸಮುದಾಯಕ್ಕೆ ಜಾತಿವ್ಯವಸ್ಥೆ ಕೊಟ್ಟಿದ್ದು ಹಾಡು ಮತ್ತು ಭಿಕ್ಷೆ, ಎರಡನ್ನೂ ಒಂದೇ ಜೋಳಿಗೆಯಲ್ಲಿ. ಹಾಡನ್ನು ಭಿಕ್ಷೆಯಿಂದ ಬಿಡಿಸುವುದೇ ಈಗ ನಮ್ಮ ಕೆಲಸ.

ಇನ್ನು ಅಕ್ಷರ ಕಲಿತ ನಮ್ಮ ಪಾಡು ನೋಡಿ. ನವೆಂಬರ್ ಬಂದರೆ ಕವಿಗೋಷ್ಠಿ, ಏಪ್ರಿಲ್ ಬಂದರೆ ಜಯಂತಿ. ಫೋನು ಬರುತ್ತದೆ: "ನಮ್ ಕಾರ್ಯಕ್ರಮಕ್ಕೆ ಒಬ್ರು ದಲಿತ ಕವಿ ಬೇಕಾಗಿತ್ತು, ನೀವು ಬಂದ್ಬಿಡ್ರಿ." ನಾನೂ ಇಂಥ ವೇದಿಕೆಗಳಿಗೆ ಕೈಯಿಂದ ಬಸ್ ಚಾರ್ಜು ಹಾಕಿಕೊಂಡು ಹೋಗಿದ್ದೇನೆ. ಒಂದು ಶಾಲು, ಒಂದು ಹಾರ, ಒಂದು ಫಲಕ. ನಮ್ಮ ಅವ್ವ ಆ ಫಲಕ ತಿರುಗಿಸಿ ತಿರುಗಿಸಿ ನೋಡಿ "ಇದ್ನ ಏನ್ ಮಾಡಾದು?" ಎಂದು ಕೇಳಿದಳು. ಅದೇ ವೇದಿಕೆಯ ಲೆಕ್ಕ ತೆಗೆದು ನೋಡಿ: ಶಾಮಿಯಾನಕ್ಕೆ ಬಿಲ್ಲು, ಮೈಕ್ ಸೆಟ್ಟಿಗೆ ಬಿಲ್ಲು, ಅಡುಗೆಯವರಿಗೆ ಬಿಲ್ಲು, ಫ್ಲೆಕ್ಸಿಗೆ ಬಿಲ್ಲು. ಕವಿಗೆ ಮಾತ್ರ "ವೇದಿಕೆ ಕೊಟ್ಟಿದ್ದೀವಲ್ಲ". ಮೈಕಿನವನು ಮುಂಗಡ ಇಲ್ಲದೆ ವೈರು ಬಿಚ್ಚುವುದಿಲ್ಲ. ಅವನು ಜಾಣ. ಮೈಕಿಗೆ ದುಡ್ಡು ಕೊಟ್ಟು ಮೈಕಿನಲ್ಲಿ ಬರುವ ಮಾತಿಗೆ ದುಡ್ಡು ಕೊಡದ ಈ ಪದ್ಧತಿಗೆ ನಮ್ಮ ತಾತಂದಿರ ಭಾಷೆಯಲ್ಲಿ ಒಂದೇ ಹೆಸರು: ಬಿಟ್ಟಿ. ಮೊರದ ಕಾಳು ಹೋಗಿ ಶಾಲು ಬಂದಿದೆ, ಅಷ್ಟೇ.

ಬಿಟ್ಟಿಯ ಜೊತೆಗೆ ಅಪ್ಪಣೆಯೂ ಬರುತ್ತದೆ. "ನಿಮ್ಮದು ಒಂದು ನೋವಿನ ಕವಿತೆ ಇರಲಿ." ಪ್ರೀತಿಯ ಮೇಲೆ ಬರೆದರೆ, ಮಳೆಯ ಮೇಲೆ ಬರೆದರೆ, ಸೂಳೆಕೆರೆಯ ನೀರಿನ ಮೇಲೆ ಬೀಳುವ ಬೆಳಕಿನ ಮೇಲೆ ಬರೆದರೆ ಮುಖ ಸಣ್ಣಗಾಗುತ್ತದೆ. ಇನ್ನೊಂದು ಕಡೆಯಿಂದ ಇನ್ನೊಂದು ಬುದ್ಧಿವಾದ: "ಜಾತಿ ಬಿಟ್ಟು ಮೇಲಕ್ಕೆ ಬನ್ನಿ, ಶುದ್ಧ ಕವಿಯಾಗಿ." ಒಬ್ಬರಿಗೆ ನಮ್ಮ ಗಾಯ ಬೇಕು, ಇನ್ನೊಬ್ಬರಿಗೆ ಗಾಯ ಮುಚ್ಚಿದ ಅಂಗಿ ಬೇಕು. 1926ರಲ್ಲಿ ಅಮೆರಿಕದ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಇದೇ ಮಾತಿನ ಮೇಲೆ ಒಂದು ಲೇಖನ ಬರೆದ. ತಾನು ನೀಗ್ರೋ ಕವಿಯಲ್ಲ, ಬರೀ ಕವಿಯಾಗಬೇಕು ಎಂದ ಒಬ್ಬ ತರುಣನ ಮಾತಿನ ಅಡಿಯಲ್ಲಿ ಬಿಳಿಯನಾಗುವ ಆಸೆ ಅಡಗಿದೆ ಎಂದು ಆತ ಕಂಡುಹಿಡಿದ. ಬಿಳಿಯರು ಮೆಚ್ಚಲಿ ಬಿಡಲಿ, ನಮ್ಮವರೇ ಮೆಚ್ಚಲಿ ಬಿಡಲಿ, ನಾವು ನಾವಾಗಿ ಬರೆಯುತ್ತೇವೆ ಎಂಬುದು ಅವನ ತೀರ್ಮಾನದ ಸಾರ. ಆಗ ಅವನ ವಯಸ್ಸು ಇನ್ನೂ ಇಪ್ಪತ್ತರ ಹರೆಯ. ನಮ್ಮ ವಯಸ್ಸು!

1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಗೋಷ್ಠಿ ಬೇಕೆಂದಾಗ ಪರಿಷತ್ತು ಒಪ್ಪಲಿಲ್ಲ. ಆ ವರ್ಷದ ಮಾರ್ಚ್ 10, 11ರಂದು ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನ ಸೇರಿತು. ಆಗ ಕುರ್ಚಿಯನ್ನೇ ಕೊಡಲಿಲ್ಲ. ಈಗ ಒಂದು ಕುರ್ಚಿ ಕೊಟ್ಟು, ಅದರಲ್ಲಿ ಕೂತವನು ಯಾವ ರಾಗದಲ್ಲಿ ಅಳಬೇಕೆಂದು ಹೇಳಿಕೊಡುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ನಾಜೂಕಿನ ಅವಮಾನ.

ಹಾಗಾದರೆ ದನಿ ಎಲ್ಲಿಂದ ಬರಬೇಕು? ದೇವನೂರ ಮಹಾದೇವ 1984ರಲ್ಲಿ 'ಕುಸುಮಬಾಲೆ' ಪ್ರಕಟಿಸಿದಾಗ ಓದಲಿಕ್ಕಾಗುವುದಿಲ್ಲ ಎಂದು ದೂರಿದವರಿದ್ದರು. ನಂಜನಗೂಡು ಸೀಮೆಯ ಕೇರಿಯ ಮಾತನ್ನು ಅವರು ತೊಳೆದು ಇಸ್ತ್ರಿ ಮಾಡಿ ತರಲಿಲ್ಲ, ಇದ್ದ ಹಾಗೇ ತಂದರು. 1990ರಲ್ಲಿ ಅದಕ್ಕೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1975ರ 'ಹೊಲೆಮಾದಿಗರ ಹಾಡು' ಬರೆದ ಸಿದ್ಧಲಿಂಗಯ್ಯನವರ ಸಾಲುಗಳನ್ನು ಓದು ಬಾರದವರೂ ಮೆರವಣಿಗೆಯಲ್ಲಿ ಹಾಡಿದರು. ಇಬ್ಬರೂ ದನಿಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಲಿಲ್ಲ. ಮನೆಯಲ್ಲಿದ್ದ ಮಾತಿಗೆ ನಾಚಲಿಲ್ಲ, ಅಷ್ಟೇ. ಅದೇ ಮಹಾದೇವ 2010ರಲ್ಲಿ, ಕನ್ನಡ ಶಿಕ್ಷಣ ಮಾಧ್ಯಮವಾಗದ ನಾಡಿನಲ್ಲಿ ಪ್ರಶಸ್ತಿ ಯಾಕೆ ಎಂದು ನೃಪತುಂಗ ಪ್ರಶಸ್ತಿಯನ್ನು ಒಲ್ಲೆ ಎಂದರು. ಹಿಂದೆ ನೌಕರಿ ಬಿಟ್ಟು ಬೇಸಾಯಕ್ಕೆ ಇಳಿದವರು ಅವರು. ಒಲ್ಲೆ ಎನ್ನುವವರ ಕಾಲ ಕೆಳಗೆ ಸ್ವಲ್ಪ ನೆಲ ಇರಬೇಕು.

"ಹಸಿವೇ ಕಲೆಯ ತಾಯಿ" ಎಂಬ ಮಾತು ಹೊಟ್ಟೆ ತುಂಬಿದವರು ಕಟ್ಟಿದ್ದು. ಮಹಾರಾಷ್ಟ್ರದ ಅಣ್ಣಾಭಾವು ಸಾಠೆಯವರನ್ನು ನೆನೆಯಿರಿ. 1920ರಲ್ಲಿ ಹಲಗಿ ಬಾರಿಸುವ ಮಾಂಗರ ಜಾತಿಯಲ್ಲಿ ಹುಟ್ಟಿದವರು, ಶಾಲೆ ಕಂಡದ್ದು ಇಲ್ಲವೆನ್ನುವಷ್ಟು ಕಡಿಮೆ, ಮುಂಬೈಯಲ್ಲಿ ಗಿರಣಿ ಕೂಲಿ. ಮೂವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. 1959ರ 'ಫಕೀರಾ' ಹೆಸರಾಯಿತು. ಲಾವಣಿ, ತಮಾಷಾ ಕಟ್ಟಿ ಕಾರ್ಮಿಕರನ್ನು ಎಬ್ಬಿಸಿದರು. ಬಹುಕಾಲ ಬದುಕಿದ್ದು ಘಾಟ್ಕೋಪರದ ಚಿರಾಗನಗರದ ಕೊಳೆಗೇರಿಯಲ್ಲಿ. 1969ರಲ್ಲಿ ಬಡತನದಲ್ಲೇ, ಐವತ್ತು ತುಂಬುವ ಮೊದಲೇ ಸತ್ತರು. 2022ರಲ್ಲಿ ಮಾಸ್ಕೋದಲ್ಲಿ ಅವರ ಪ್ರತಿಮೆ ನಿಂತಿತು. ಐವತ್ತು ವರ್ಷ ತಡವಾಗಿ ಬರುವ ಪ್ರತಿಮೆಯನ್ನು ಬೇಯಿಸಿ ತಿನ್ನಲಾಗುವುದಿಲ್ಲ. ಹಸಿವು ಅವರಿಗೆ ಕಾದಂಬರಿ ಕೊಡಲಿಲ್ಲ, ಅವರ ಬರೆಯಬಹುದಾಗಿದ್ದ ಇಪ್ಪತ್ತು ವರ್ಷ ಕಿತ್ತುಕೊಂಡಿತು.

ನಮ್ಮ ಸಂಘಟನೆಗಳಿಗೂ ಈ ಮಾತು ಹೇಳಲೇಬೇಕು. ಒಳಗಿನವರಿಗೆ ಹೇಳದೆ ಹೊರಗಿನವರನ್ನು ಬೈಯುವುದು ಸುಲಭ. ಸಮಾವೇಶದ ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಟಲು ಹರಿಯುವಂತೆ ಹಾಡಿ ಜನರನ್ನು ಕೂಡಿಸುವವನು ಕೇರಿಯ ಹುಡುಗ. ಮುಖ್ಯ ಭಾಷಣಕಾರರಿಗೆ ಕಾರು ಹೋಗುತ್ತದೆ, ಹಾಡುಗಾರ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಾನೆ. ಕೇಳಿದರೆ "ಚಳವಳಿಗೂ ದುಡ್ಡು ಕೇಳ್ತಾನಲ್ಲ ಇವ್ನು" ಎಂಬ ಮಾತು. ಚಳವಳಿಗೆ ನಾವು ಬೆವರು ಕೊಡುತ್ತೇವೆ, ಕೊಟ್ಟಿದ್ದೇವೆ, ನಾಳೆಯೂ ಕೊಡುತ್ತೇವೆ. ಆದರೆ ತಾನಾಗಿ ಕೊಟ್ಟರೆ ದಾಸೋಹ, ಕೇಳದೆ ಕಿತ್ತುಕೊಂಡರೆ ಚಾಕರಿ. ಕಿತ್ತುಕೊಳ್ಳುವ ಕೈ ನೀಲಿ ಶಾಲು ಹೊದ್ದಿದ್ದರೂ ಅದು ಚಾಕರಿಯೇ.

ಕೆಲವರಿಗೆ ಒಂದು ಭಯವಿದೆ: ದುಡ್ಡು ಮುಟ್ಟಿದರೆ ದನಿ ಮಾರಾಟವಾಗುತ್ತದೆ. ನೋಡಿರುವುದು ಇದರ ತದ್ವಿರುದ್ಧ. ಚುನಾವಣೆಯಲ್ಲಿ ಅಭ್ಯರ್ಥಿಯ ಮೇಲೆ ಹಾಡು ಕಟ್ಟಿ ಕೊಡುವ ಹುಡುಗರು, ಸಾಹುಕಾರರ ಹುಟ್ಟುಹಬ್ಬಕ್ಕೆ ಪದ ಬರೆಯುವವರು ಹುಟ್ಟಾ ಭಟ್ಟಂಗಿಗಳಲ್ಲ. ವರ್ಷವಿಡೀ ಯಾರೂ ನ್ಯಾಯವಾದ ಕೂಲಿ ಕೊಡದೆ ಇದ್ದಾಗ, ಒಂದು ದಿನ ನೋಟಿನ ಕಂತೆ ಹಿಡಿದು ಬಂದವನಿಗೆ ಕೊಟ್ಟರು. ಅಡಿಕೆ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಕೈಯಲ್ಲಿ ಕಾಸಿಲ್ಲದ ರೈತನೇ ಫಸಲು ಮಾಗುವ ಮೊದಲು ಖೇಣಿದಾರನಿಗೆ ತೋಟ ಬರೆದುಕೊಡುವುದು. ಧಾರಣೆ ಗೊತ್ತಿಲ್ಲದ ಮಾಲಿಗೆ ದಲ್ಲಾಳಿಗಳೇ ಯಜಮಾನರು. ಅದಕ್ಕಾಗಿಯೇ ಇಲ್ಲಿನ ಬೆಳೆಗಾರರು ತುಮ್ಕೋಸ್ ಎಂಬ ಸಹಕಾರ ಸಂಘ ಕಟ್ಟಿಕೊಂಡರು. ನಾವು ಏನು ಕಟ್ಟಿಕೊಂಡಿದ್ದೇವೆ? ವಾಟ್ಸಾಪ್ ಗುಂಪು.

ನೌಕರಿ ಮಾಡುವುದಕ್ಕೆ ನಾಚಬೇಡಿ ಎಂದು ತಮ್ಮಂದಿರಿಗೆ, ತಂಗಿಯರಿಗೆ ಹೇಳುತ್ತೇನೆ. 1972ರಲ್ಲಿ 'ಗೋಲ್‌ಪೀಠಾ' ಎಂಬ ಸಂಕಲನದಿಂದ ಮರಾಠಿ ಕಾವ್ಯದ ಬುಡ ಅಲ್ಲಾಡಿಸಿದ ನಾಮದೇವ ಢಸಾಳ್ ಮುಂಬೈಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದವರು. ಕೃಷ್ಣಪ್ಪನವರು ಮೇಷ್ಟ್ರು. ಅತಿಥಿ ಶಿಕ್ಷಕರಾಗಿ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದು, ಹಗಲು ಗಾರೆ ಕೆಲಸ ಮಾಡಿ ಬರೆಯುವವರು ಪೂರ್ಣಾವಧಿ ಕವಿಗಿಂತ ಒಂದು ಗೇಣೂ ಕಡಿಮೆಯಲ್ಲ. ಸುಲಿಯುವ ಮೆಷಿನು ಬಂದ ಮೇಲೆ ಎಷ್ಟೋ ಅಂಗಳಗಳಲ್ಲಿ ಹಾಡು ನಿಂತಿದೆ. ಆ ಹಾಡು ಗೊತ್ತಿರುವ ಕೊನೆಯ ತಲೆಮಾರು ಇನ್ನೂ ಬದುಕಿದೆ. ಚೊಗರಿನ ಕರೆ ಅಂಟಿದ ಆ ಬೆರಳುಗಳ ಹತ್ತಿರ ಕೂತು ಕಲಿಯಲಿಕ್ಕೆ ಯಾವ ಶಿಬಿರದ ಪ್ರಮಾಣಪತ್ರವೂ ಬೇಡ. ಬರೆದುಕೊಂಡರೆ ಅವರ ಹೆಸರು ಮೊದಲು ಬರೆಯಿರಿ, ಆಮೇಲೆ ನಿಮ್ಮದು.

ಈಗ ಮಾಡಬೇಕಾದ್ದು. ಬಿಟ್ಟಿ ದುಡಿಮೆಯನ್ನು ಸಂವಿಧಾನದ 23ನೇ ವಿಧಿ ನಿಷೇಧಿಸಿದೆ. 1989ರ ದೌರ್ಜನ್ಯ ತಡೆ ಕಾಯ್ದೆ ಅದನ್ನು ಅಪರಾಧ ಎಂದಿದೆ. ಊರಿನ ಹಬ್ಬಕ್ಕೆ ಹಲಗೆಯವರನ್ನು ಬಲವಂತ ಮಾಡುವ ಕಡೆಯೆಲ್ಲ ಈ ಮಾತು ಕೇರಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರಬೇಕು. ಯಾವ ಕಾರ್ಯಕ್ರಮವೇ ಇರಲಿ, ಸರ್ಕಾರದ್ದಿರಲಿ ನಮ್ಮದಿರಲಿ, ಕರೆಯುವಾಗಲೇ ಸಂಭಾವನೆ ಮತ್ತು ಬಸ್ ಚಾರ್ಜು ಎಷ್ಟೆಂದು ಬರೆದು ಕೊಡಬೇಕು. ಸುಗಮ ಸಂಗೀತದವರಿಗೆ ಒಂದು, ಹಲಗೆ ಮೇಳಕ್ಕೆ ಒಂದು ಎಂಬ ಭೇದ ಹೋಗಬೇಕು. ಜಾನಪದ ಸಂಗ್ರಹದ ಮುಖಪುಟದಲ್ಲಿ ಹಾಡಿದವರ ಹೆಸರು ಬರಬೇಕು, ಗೌರವಧನದಲ್ಲಿ ಪಾಲು ಬೇಕು. 2013ರ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ ಕಾಯ್ದೆಯ ಪ್ರಕಾರ ಇಲಾಖೆಗಳಲ್ಲಿ ನಮ್ಮ ಪಾಲಿನ ಹಣವಿದೆ. ಅದು ಯಾರ ಕೈಗೆ ಹೋಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಲು ಒಂದು ಬಿಳಿ ಹಾಳೆ ಮತ್ತು ಹತ್ತು ರೂಪಾಯಿ ಸಾಕು. ಹಳ್ಳಿಯ ಮೇಷ್ಟ್ರುಗಳೇ, ಮೇಡಂಗಳೇ, ನಿಮ್ಮ ಶಾಲೆಗೆ ಹಲಗೆಯ ಅಜ್ಜನನ್ನು ಕರೆಸಿ. ಗೇಟಿನ ಹೊರಗೆ ನಿಲ್ಲಿಸಿ ಮೆರವಣಿಗೆಗೆ ಬಾರಿಸಲಿಕ್ಕಲ್ಲ. ತರಗತಿಯಲ್ಲಿ ಕುರ್ಚಿ ಹಾಕಿ, ಪಾಠ ಹೇಳಿಸಿ, ಕೂಲಿ ಕೊಟ್ಟು, ರಸೀದಿಗೆ ಸಹಿ ಹಾಕಿಸಿ. ಮಕ್ಕಳು ಆ ಸಹಿಯನ್ನು ನೋಡಲಿ.

ನಾಲ್ಕೂ ತಾಲ್ಲೂಕಿನ ಹಾಡುಗಾರರು, ಹಲಗೆಯವರು, ನಾಟಕದ ಹುಡುಗರು, ಬರೆಯುವವರು ಒಂದು ಕಡೆ ಕೂತು ಇಷ್ಟಕ್ಕೆ ಕಡಿಮೆ ಇಲ್ಲ ಎಂದು ನಮ್ಮ ಧಾರಣೆ ನಾವೇ ಕಟ್ಟೋಣ. ಒಬ್ಬನೇ ಕೇಳಿದರೆ ಅಹಂಕಾರಿ ಎನ್ನುತ್ತಾರೆ, ಎಲ್ಲರೂ ಕೇಳಿದರೆ ರೇಟು ಎನ್ನುತ್ತಾರೆ. ಮುಂದಿನ ಸಲ ಫೋನು ಬಂದು "ನಿಮ್ಮದೊಂದು ನೋವಿನ ಕವಿತೆ" ಎಂದಾಗ ನಮ್ಮ ಕಡೆಯಿಂದ ಮೊದಲು ಹೋಗಬೇಕಾದ ಮಾತು ಇದು: "ಯಾವ ಕವಿತೆ ಓದ್ಬೇಕು ಅನ್ನಾದು ನಾನು ನೋಡ್ಕಂತೀನಿ. ಸಂಭಾವನೆ ಎಷ್ಟು, ಅದ್ನ ಹೇಳ್ರಿ."